ಬೆಲೆ 8 ಕೋಟಿ ಸರಿ, ಕೈಗೆ ಬರುವುದೆಷ್ಟು?

ಪ್ರಶ್ನೆ: ನಮ್ಮ ಸ್ಟಾರ್ಟ್‌ಅಪ್‌ಗೆ 8 ಕೋಟಿ ಪ್ರಿ-ಮನಿ (ಹೂಡಿಕೆಗೆ ಮುಂಚಿನ) ಬೆಲೆ ಕಟ್ಟಿ, 2 ಕೋಟಿ ಹಾಕಲು ಹೂಡಿಕೆದಾರರೊಬ್ಬರು ಒಪ್ಪಿದ್ದಾರೆ. ಹೂಡಿಕೆಯ ಷರತ್ತುಗಳ ಕರಡಾದ ಟರ್ಮ್ ಶೀಟ್‌ನಲ್ಲಿ ‘ಒಂದು ಪಟ್ಟು ಪಾರ್ಟಿಸಿಪೇಟಿಂಗ್ ಲಿಕ್ವಿಡೇಷನ್ ಪ್ರಿಫರೆನ್ಸ್’ (ಕಂಪನಿ ಮಾರಾಟವಾದಾಗ ಮೊದಲು ಹಣ ಪಡೆಯುವ ಹಕ್ಕು) ಮತ್ತು 15% ಆಪ್ಷನ್ ಪೂಲ್ (ನೌಕರರಿಗೆಂದು ತೆಗೆದಿಡುವ ಷೇರು) ಎಂದಿದೆ. ಟರ್ಮ್ ಶೀಟ್ ಹೇಗೂ ಬೈಂಡಿಂಗ್ ಅಲ್ಲವಂತೆ. ಸಹಿ ಹಾಕಬಹುದೇ?

ಉತ್ತರ: ಇವತ್ತೇ ಬೇಡ. ಬೈಂಡಿಂಗ್ ಅಲ್ಲ ಎನ್ನುವುದು ಅರ್ಧ ಸತ್ಯ. ಗೋಪ್ಯತೆ ಮತ್ತು ಎಕ್ಸ್‌ಕ್ಲೂಸಿವಿಟಿ ಕಲಮುಗಳು ಸಾಮಾನ್ಯವಾಗಿ ಸಹಿಯಾದ ದಿನದಿಂದಲೇ ನಿಮ್ಮನ್ನು ಕಟ್ಟಿಹಾಕುತ್ತವೆ. ಅವಧಿ ಮುಗಿಯುವತನಕ ಬೇರೆ ಹೂಡಿಕೆದಾರರ ಜೊತೆ ಮಾತಾಡುವಂತಿಲ್ಲ. ಅಷ್ಟರಲ್ಲಿ ಬ್ಯಾಂಕಿನಲ್ಲಿದ್ದ ದುಡ್ಡು ಕರಗಿರುತ್ತದೆ, ಚೌಕಾಸಿ ಮಾಡುವ ಬಲವೂ ಅದರ ಜೊತೆಗೇ ಹೋಗಿರುತ್ತದೆ. ತಕರಾರು ಏನಿದ್ದರೂ ಈಗಲೇ ಎತ್ತಿ.

‘ಪಾರ್ಟಿಸಿಪೇಟಿಂಗ್’ ಎಂಬ ಒಂದೇ ಪದದ ಬೆಲೆ ನೋಡಿ. ಹೂಡಿಕೆಯ ನಂತರ ಕಂಪನಿಯ ಬೆಲೆ 10 ಕೋಟಿ, ಅವರ ಪಾಲು 20%. ಮುಂದೆ ಕಂಪನಿ 6 ಕೋಟಿಗೆ ಮಾರಾಟವಾಯಿತು ಎನ್ನಿ. ನಾನ್-ಪಾರ್ಟಿಸಿಪೇಟಿಂಗ್ ಆಗಿದ್ದರೆ ಅವರಿಗೆ ಎರಡೇ ದಾರಿ: ಹಾಕಿದ 2 ಕೋಟಿ ವಾಪಸ್ ಪಡೆಯುವುದು, ಇಲ್ಲವೇ 20% ಪಾಲಿನ 1.2 ಕೋಟಿ. ಅವರು 2 ಕೋಟಿ ಆರಿಸಿಕೊಳ್ಳುತ್ತಾರೆ, ಉಳಿದವರಿಗೆ 4 ಕೋಟಿ. ಪಾರ್ಟಿಸಿಪೇಟಿಂಗ್ ಆದರೆ ಮೊದಲು 2 ಕೋಟಿ ಎತ್ತಿಕೊಂಡು, ಉಳಿದ 4 ಕೋಟಿಯಲ್ಲೂ 20%, ಅಂದರೆ 80 ಲಕ್ಷ ತೆಗೆದುಕೊಳ್ಳುತ್ತಾರೆ. ಉಳಿದವರಿಗೆ 3.2 ಕೋಟಿ. ಅದೇ ‘ಎರಡು ಪಟ್ಟು’ ಎಂದಿದ್ದರೆ 1.6 ಕೋಟಿಗೆ ಇಳಿಯುತ್ತದೆ. ಒಂದು ಪಟ್ಟು, ನಾನ್-ಪಾರ್ಟಿಸಿಪೇಟಿಂಗ್ ಎಂದು ತಿದ್ದಿಸಿ. ಒಪ್ಪದಿದ್ದರೆ ಒಟ್ಟು ಮೊತ್ತಕ್ಕೆ ಮಿತಿಯನ್ನಾದರೂ ಬರೆಸಿ.

ಆಪ್ಷನ್ ಪೂಲ್‌ನದು ಇನ್ನೂ ನಾಜೂಕು. 15% ಪೂಲನ್ನು ಪ್ರಿ-ಮನಿಯೊಳಗೇ ಸೇರಿಸಿದರೆ ಅದರ ಪೂರಾ ಭಾರ ನಿಮ್ಮ ಮೇಲೆ. ಹೂಡಿಕೆದಾರರ 20%, ಪೂಲ್ 15% ಕಳೆದು ನಿಮಗೆ ಉಳಿಯುವುದು 65%. ಹಾಗಾದರೆ ನಿಮ್ಮ ಷೇರುಗಳಿಗೆ ಕಟ್ಟಿದ ಬೆಲೆ 6.5 ಕೋಟಿಯೇ ಹೊರತು 8 ಕೋಟಿಯಲ್ಲ. ಮುಂದಿನ 18 ತಿಂಗಳಲ್ಲಿ ಯಾವ ಹುದ್ದೆಗೆ ಯಾರು ಬೇಕು, ಯಾರಿಗೆ ಎಷ್ಟು ಷೇರು ಎಂದು ಪಟ್ಟಿ ಮಾಡಿ ಮುಂದಿಡಿ. ಮೊತ್ತ 8% ಬಂದರೆ ಪೂಲ್ 8% ಸಾಕು ಎಂದು ಕೇಳುವ ಹಕ್ಕು ನಿಮಗಿದೆ. ಪಟ್ಟಿಯಿಲ್ಲದೆ ಬರೀ ಬಾಯಿಮಾತಲ್ಲಿ ವಾದಿಸಿದರೆ 15 ಹಾಗೇ ಉಳಿಯುತ್ತದೆ.

ಪ್ರಶ್ನೆ: ಬೆಲೆ ನಿರ್ಧಾರವಾಗುವ ಮುಂಚೆ ‘ಸೇಫ್’ (ಈಗ ಹಣ, ಮುಂದಿನ ಸುತ್ತಿನಲ್ಲಿ ಷೇರು ಎಂಬ ಕರಾರು) ಮೇಲೆ ಇಬ್ಬರಿಂದ ಹಣ ಪಡೆದಿದ್ದೇವೆ: 5 ಕೋಟಿ ಕ್ಯಾಪ್‌ಗೆ (ಷೇರಿನ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ಬೆಲೆ) 50 ಲಕ್ಷ, ಆಮೇಲೆ 6 ಕೋಟಿ ಕ್ಯಾಪ್‌ಗೆ 60 ಲಕ್ಷ. ನಮ್ಮ ಪಾಲು ಎಷ್ಟು ಕರಗುತ್ತದೆ?

ಉತ್ತರ: ಸೇಫ್ ಎಂಬ ಕರಾರನ್ನು ಅಮೆರಿಕದ ಸ್ಟಾರ್ಟ್‌ಅಪ್ ಹೂಡಿಕೆ ಸಂಸ್ಥೆ ವೈ ಕಾಂಬಿನೇಟರ್ 2013ರಲ್ಲಿ ಹೊರತಂದು, 2018ರಲ್ಲಿ ಪೋಸ್ಟ್-ಮನಿ (ಸೇಫ್ ಹಣವನ್ನೂ ಸೇರಿಸಿಕೊಂಡ ಬೆಲೆಯ ಮೇಲೆ ಪಾಲು ಲೆಕ್ಕಹಾಕುವ) ರೂಪಕ್ಕೆ ಬದಲಿಸಿತು. ನಿಮ್ಮದು ಯಾವುದೆಂದು ಮೊದಲು ಓದಿ ನೋಡಿ. ಪೋಸ್ಟ್-ಮನಿಯಾದರೆ, ಮುಂದಿನ ಸುತ್ತಿನ ಬೆಲೆ ಕ್ಯಾಪ್‌ಗಿಂತ ಮೇಲಿದ್ದಾಗ ಇಬ್ಬರದೂ ತಲಾ 10%. ಎರಡನೆಯವರು ಬಂದರೆಂದು ಮೊದಲನೆಯವರ ಪಾಲು ಕರಗುವುದಿಲ್ಲ, ಎರಡೂ ನಿಮ್ಮದರಿಂದಲೇ ಹೋಗುತ್ತವೆ. ನಿಮಗೆ 80% ಉಳಿಯಿತು. ಮುಂದಿನ ಸುತ್ತಿನಲ್ಲಿ 20% ಕೊಟ್ಟರೆ ಅದು 64%. ಇದರ ಮೇಲೆ ಪೂಲ್ ಬೇರೆ. ಪ್ರತಿ ಹೊಸ ಸೇಫ್‌ಗೆ ಮುಂಚೆ ಕ್ಯಾಪ್ ಟೇಬಲ್ (ಯಾರ ಪಾಲು ಎಷ್ಟು ಎಂಬ ಪಟ್ಟಿ) ತಿದ್ದದವರಿಗೆ ಈ ಅಂಕಿ ಕಾಣುವುದು ಸಹಿಗಳೆಲ್ಲ ಮುಗಿದ ಮೇಲೆ. ಒಂದು ಸಮಾಧಾನ: ಕನ್ವರ್ಟಿಬಲ್ ನೋಟ್‌ಗೆ (ಮುಂದೆ ಷೇರಾಗಿ ಬದಲಾಗುವ ಸಾಲ) ಇರುವ ಹಾಗೆ ಇದಕ್ಕೆ ಬಡ್ಡಿಯಿಲ್ಲ, ಮರುಪಾವತಿಯ ಗಡುವೂ ಇಲ್ಲ.

ಪ್ರಶ್ನೆ: ಸಹಸಂಸ್ಥಾಪಕರೊಬ್ಬರು ಎಂಟೇ ತಿಂಗಳಿಗೆ ಬಿಟ್ಟು ಹೋದರು. 40% ಷೇರು ಅವರ ಹೆಸರಿನಲ್ಲೇ ಇದೆ. ವಾಪಸ್ ಪಡೆಯಬಹುದೇ?

ಉತ್ತರ: ವೆಸ್ಟಿಂಗ್ ಕಲಮು (ಕೆಲಸ ಮಾಡಿದ ಅವಧಿಗೆ ತಕ್ಕಂತೆ ಷೇರು ಪೂರ್ತಿ ತಮ್ಮದಾಗುವ ಷರತ್ತು) ಇದ್ದರೆ ಸುಲಭ. ನಾಲ್ಕು ವರ್ಷದ ವೆಸ್ಟಿಂಗ್, ಒಂದು ವರ್ಷದ ಕ್ಲಿಫ್ ಎಂಬುದು ವಾಡಿಕೆ. ವರ್ಷ ತುಂಬುವ ಮುಂಚೆ ಹೋದವರ ಷೇರುಗಳನ್ನೆಲ್ಲ ಆ ಕಲಮಿನ ಪ್ರಕಾರ ಮರಳಿ ಪಡೆಯಬಹುದು. ಕಲಮೇ ಇಲ್ಲದಿದ್ದರೆ ಬಲವಂತ ನಡೆಯದು, ಮಾತುಕತೆಯೊಂದೇ ದಾರಿ. ಕೆಲಸ ಮಾಡದವರ ಕೈಯಲ್ಲಿ 40% ಇದ್ದರೆ ಹೊಸ ಹೂಡಿಕೆದಾರರು ಹಿಂಜರಿಯುತ್ತಾರೆ, ಆಗ ಅವರ ಷೇರಿಗೂ ಬೆಲೆಯಿರದು ಎಂಬುದೇ ನಿಮ್ಮ ವಾದ. ಸಣ್ಣ ಪಾಲು ಅವರಿಗೇ ಬಿಟ್ಟು ಉಳಿದದ್ದನ್ನು ಕೊಳ್ಳಿ. ಅದೇ ದಿನ, ಹಣ ಕೊಡುವ ಮುಂಚೆ, ಅವರು ಬರೆದ ಕೋಡ್ ಮತ್ತು ವಿನ್ಯಾಸದ ಹಕ್ಕನ್ನು ಕಂಪನಿಗೆ ವರ್ಗಾಯಿಸುವ ಪತ್ರಕ್ಕೂ ಸಹಿ ಪಡೆಯಿರಿ. ನೋಂದಣಿಗೆ ಮುಂಚೆ ಬರೆದ ಕೋಡ್ ತಾನಾಗಿ ಕಂಪನಿಯದಾಗುವುದಿಲ್ಲ. ಹೂಡಿಕೆದಾರರ ವಕೀಲರು ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು.