ಒಂದೇ ಫೋಟೋ ಎರಡು ಸಲ ಯಾಕೆ?

ಪ್ರಶ್ನೆ: ಹಳೇ ಮನೆ ಖಾಲಿ ಮಾಡುವಾಗ ಅಟ್ಟದ ಟ್ರಂಕಲ್ಲಿ ಒಂದು ಕಟ್ಟು ರಟ್ಟಿನ ಕಾರ್ಡ್ ಸಿಕ್ತು. ಒಂದೊಂದರಲ್ಲೂ ಒಂದೇ ಫೋಟೋನ ಪಕ್ಕಪಕ್ಕ ಎರಡು ಸಲ ಅಂಟಿಸಿದಾರೆ, ಎಲ್ಲಾ ಪ್ಯಾರಿಸ್ ಊರಿಂದು. ರಟ್ಟು ಬೇರೆ ಬಗ್ಗಿದೆ. ಏನಿವು, ನೋಡೋದು ಹೇಗೆ?
– ಓದುಗರು, ಮಲ್ಲೇಶ್ವರಂ

ಉತ್ತರ: ಒಂದೇ ಫೋಟೋ ಅಲ್ಲ, ಇನ್ನೊಂದ್ಸಲ ನೋಡಿ. ಎಡಗಡೆ ಫೋಟೋದಲ್ಲಿ ದೀಪದ ಕಂಬದ ಪಕ್ಕ ಒಂದು ಕಿಟಕಿ ಪೂರ್ತಿ ಕಾಣ್ತಿದ್ರೆ ಬಲಗಡೇದರಲ್ಲಿ ಅದೇ ಕಿಟಕಿಗೆ ಕಂಬ ಅಡ್ಡ ಬಂದಿರತ್ತೆ, ಯಾಕಂದ್ರೆ ನಮ್ಮ ಎರಡು ಕಣ್ಣಿನ ಥರ ಸುಮಾರು ಎರಡೂವರೆ ಇಂಚು ದೂರದಲ್ಲಿ ಎರಡು ಲೆನ್ಸ್ ಇಟ್ಟು ತೆಗೆದ ಜೋಡಿ ಫೋಟೋ ಇದು. ಒಂದೊಂದು ಕಣ್ಣಿಗೆ ಒಂದೊಂದು ಫೋಟೋ ಕಂಡ್ರೆ ದೃಶ್ಯ 3ಡಿ ಆಗಿ ಕಾಣತ್ತೆ, ಇದಕ್ಕೆ ಸ್ಟೀರಿಯೋ ಕಾರ್ಡ್ ಅಂತಾರೆ. 1851ರ ಲಂಡನ್ ಎಕ್ಸಿಬಿಷನ್ನಲ್ಲಿ ವಿಕ್ಟೋರಿಯಾ ರಾಣಿ ಮೆಚ್ಚಿದ್ದೇ ತಡ, ಯುರೋಪಿಗೆಲ್ಲ ಇದರ ಹುಚ್ಚು ಹಿಡೀತು. ಬಗ್ಗಿರೋದು ಹಾಳಾಗಿ ಅಲ್ಲ, ಬೇಕಂತಲೇ ಹಾಗೆ ಮಾಡಿದ್ದು, ದಯವಿಟ್ಟು ಪುಸ್ತಕದ ಕೆಳಗಿಟ್ಟು ಒತ್ತೋಕೆ ಹೋಗ್ಬೇಡಿ, ಮೇಲಿನ ಪದರ ಬಿರುಕು ಬಿಡತ್ತೆ.

ನೋಡೋಕೆ ಲೆನ್ಸಿನ ವ್ಯೂವರ್ ಇದ್ರೆ ಒಳ್ಳೇದು. ಇಲ್ದಿದ್ರೆ ಕಾರ್ಡನ್ನ ಸ್ಕ್ಯಾನ್ ಮಾಡಿ ಮೊಬೈಲಲ್ಲಿ ಅಡ್ಡಕ್ಕೆ ಹಾಕಿ, ಒಂದೊಂದು ಫೋಟೋ ಎರಡೂವರೆ ಇಂಚಿಗಿಂತ ಅಗಲ ಇರಬಾರದು, ಆಮೇಲೆ ಫೋನಿನ ಆಚೆ ಗೋಡೆ ನೋಡೋ ಥರ ಕಣ್ಣು ಸಡಿಲ ಬಿಡಿ. ಎರಡಿದ್ದ ಫೋಟೋ ಮೂರಾಗತ್ತೆ, ಮಧ್ಯದ್ದು ಎದ್ದು ನಿಲ್ಲತ್ತೆ. ಕಣ್ಣನ್ನ ಮೂಗಿನ ಕಡೆ ಎಳ್ಕೊಂಡು ನೋಡಿದ್ರೆ ಮಾತ್ರ ಎಲ್ಲಾ ಉಲ್ಟಾ, ಹಿಂದಿರೋ ಬಿಲ್ಡಿಂಗು ಕಂಬಕ್ಕಿಂತ ಮುಂದೆ ಬಂದು ಕೂತ್ಕೊಳ್ಳತ್ತೆ.

ಇನ್ನೊಂದು ಮಾತು, ಎಲ್ರೂ ಮೊದಲು ಐಫೆಲ್ ಟವರ್ ಹುಡುಕ್ತಾರೆ. ನನ್ನ ಕೇಳಿದ್ರೆ ಅದೇ ಅತ್ಯಂತ ಬೋರು. ಅಷ್ಟು ದೂರದ ವಸ್ತು ಎರಡು ಲೆನ್ಸಿಗೂ ಹೆಚ್ಚುಕಮ್ಮಿ ಒಂದೇ ಥರ ಕಾಣೋದ್ರಿಂದ ಡೆಪ್ತ್ ಬರಲ್ಲ, ಪರದೆಗೆ ಪೇಂಟ್ ಮಾಡಿದ ಹಾಗೆ ಚಪ್ಪಟೆ ನಿಂತಿರತ್ತೆ. ಮಜಾ ಇರೋದು ಮುಂದಿನ ಹತ್ತಿಪ್ಪತ್ತು ಅಡೀಲಿ: ಸೇತುವೆ ಕಟಕಟೆ, ಗಾಡಿ ಚಕ್ರದ ಕಡ್ಡಿಗಳ ಮಧ್ಯದ ಸಂದಿ, ಟೋಪಿ ಹಾಕ್ಕೊಂಡು ಕ್ಯಾಮೆರಾನೇ ದಿಟ್ಟಿಸ್ತಾ ನಿಂತ ಹುಡುಗ. ಫೋಟೋದವರಿಗೂ ಇದು ಗೊತ್ತಿತ್ತು, ಅದಕ್ಕೇ ಮುಂದೆ ಏನಾದ್ರೂ ಒಂದು ಇರೋ ಹಾಗೆ ಜಾಗ ಹುಡುಕ್ತಿದ್ರು. ಅದೂ ಅಲ್ದೆ ಆ ಕಾಲದ ದೊಡ್ಡ ಕ್ಯಾಮೆರಾಗಳಿಗೆ ಎಕ್ಸ್‌ಪೋಷರ್ ಅಂದ್ರೆ ಒಳಗೆ ಬೆಳಕು ಬಿಡೋದು ಜಾಸ್ತಿ ಹೊತ್ತು ಬೇಕಿತ್ತು, ನಡೆಯೋರು ಅಳಿಸಿಹೋಗಿ ರಸ್ತೆ ಖಾಲಿ ಕಾಣ್ತಿತ್ತು. ಸ್ಟೀರಿಯೋ ಕ್ಯಾಮೆರಾದ್ದು ಚಿಕ್ಕ ಫೋಟೋ, ಕಡಿಮೆ ಫೋಕಲ್ ಲೆಂತ್ ಲೆನ್ಸು, ಅಂದ್ರೆ ಫೋಟೋ ಮೂಡೋ ಜಾಗಕ್ಕೆ ಹತ್ತಿರ ಇರೋದು, ಬೆಳಕು ಬೇಗ ಸಾಲ್ತಿತ್ತು, ಹಾಗಾಗಿ 1860ರ ಹೊತ್ತಿಗೇ ಓಡಾಡೋ ಜನ, ಎತ್ತಿದ ಕಾಲು ಎತ್ತಿದ ಹಾಗೇ ಇದರಲ್ಲಿ ಸಿಕ್ಕಿಬಿದ್ರು.

ಪ್ರಶ್ನೆ: ಕಾರ್ಡ್ ಮೇಲೆ ಇಸವಿ ಇಲ್ಲ. ಎಷ್ಟು ಹಳೇದು ಅಂತ ತಿಳಿಯೋದು ಹೇಗೆ?
– ಓದುಗರು, ಜಯನಗರ

ಉತ್ತರ: ಫೋಟೋನೇ ಹೇಳತ್ತೆ. ಪ್ಯಾರಿಸ್ ಆದ್ರೆ ಐಫೆಲ್ ಟವರ್ ಇದ್ರೆ 1880ರ ದಶಕದ ಕೊನೇದು ಅಥವಾ ಆಮೇಲಿಂದು. ನದಿ ಆಚೆ ಎರಡು ಎತ್ತರದ ಗೋಪುರ ಇರೋ ಟ್ರೊಕಾಡೆರೊ ಅರಮನೆ ಕಂಡ್ರೆ 1935ಕ್ಕಿಂತ ಮುಂಚಿನದು, ಆ ವರ್ಷ ಅದನ್ನ ಕೆಡವಿದ್ರು. ಕುದುರೆ ಬಸ್ಸು 1913ರ ಜನವರಿಗೆ ನಿಂತುಹೋಯ್ತು. ಅಂಚಲ್ಲಿ ಕಂಪನಿ ಹೆಸರೂ ನೋಡಿ: ಅಂಡರ್‌ವುಡ್, ಕೀಸ್ಟೋನ್ ಅಮೆರಿಕದ ದೊಡ್ಡ ಕಂಪನಿಗಳು. ಅಂಡರ್‌ವುಡ್‌ನವರು ಒಂದೊಂದು ಊರಿಗೂ ಬಾಕ್ಸ್ ಸೆಟ್ ಮಾಡಿ ಗೈಡ್ ಪುಸ್ತಕ, ಮ್ಯಾಪ್ ಕೊಡ್ತಿದ್ರು, ಆ ಮ್ಯಾಪಲ್ಲಿ ನೀವು ಎಲ್ಲಿ ನಿಂತು ಯಾವ ಕಡೆ ನೋಡ್ತಿದೀರಿ ಅಂತ ಕೆಂಪು ಗೆರೆ ಎಳೆದಿರತ್ತೆ. ಮನೇಲಿ ಮ್ಯಾಪ್ ಸಿಕ್ರೆ ಎಸೀಬೇಡಿ.

ಪ್ರಶ್ನೆ: ಮನೇಲಿ ಎಲ್ರಿಗೂ 3ಡಿ ಕಾಣತ್ತೆ, ನನಗೊಬ್ಬನಿಗೇ ಇಲ್ಲ.
– ಓದುಗರು, ಯಲಹಂಕ

ಉತ್ತರ: ಫೋನಲ್ಲಿ ಬರದಿದ್ರೆ ಅಭ್ಯಾಸದ ವಿಷ್ಯ. ಲೆನ್ಸಿನ ವ್ಯೂವರಲ್ಲೂ ಬರ್ಲಿಲ್ಲ ಅಂದ್ರೆ ಒಂದು ಕಣ್ಣಿನ ದೃಷ್ಟಿ ಕಮ್ಮಿ ಇರಬಹುದು, ಮೆಳ್ಳಗಣ್ಣು ಇರಬಹುದು, ಕಣ್ಣಿನ ಡಾಕ್ಟ್ರಿಗೆ ತೋರಿಸಿ.

ಪ್ರಶ್ನೆ: ಮಾರಿದ್ರೆ ಎಷ್ಟು ಬರತ್ತೆ? ಕ್ಲೀನ್ ಮಾಡಿಸ್ಬೇಕಾ?
– ಓದುಗರು, ಚಾಮರಾಜಪೇಟೆ

ಉತ್ತರ: ಲಕ್ಷಗಟ್ಟಲೆ ಅಚ್ಚಾದ ಮಾಲು, ಲಾಟರಿ ಏನೂ ಹೊಡೆಯಲ್ಲ. ಒದ್ದೆ ಬಟ್ಟೆ ಮುಟ್ಟಿಸ್ಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಒಣ ಮೆತ್ತನೆ ಬ್ರಶ್ಶಲ್ಲಿ ಧೂಳು ತೆಗೆದು, ನಮ್ಮೂರ ಮಳೆಗಾಲಕ್ಕೆ ಡಬ್ಬೀಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಸಾಕು.