ಐದು ಡಿಗ್ರಿ ಯಾರಿಗೆ ಸಾಕು?

ನಮಸ್ಕಾರ.

ಮೈಕ್ರೋವೇವ್ ಮಿಕ್ಸರ್‌ನಲ್ಲಿ ಎಷ್ಟು ಫೇಸ್ ವ್ಯತ್ಯಾಸ ಇದ್ದರೂ ನಡೆಯುತ್ತದೆ ಎಂಬ ನಿಮ್ಮ ಲೇಖನ ಬಳ್ಳಾರಿಯಿಂದ ಬಂದು ಮೂರು ವಾರವಾಯಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಇಂಥ ವಿಷಯವನ್ನು ಕನ್ನಡದಲ್ಲಿ ಬರೆಯಲು ಕೂರುವವರು ತೀರಾ ಕಡಿಮೆ. ಅದಕ್ಕೇ ಇಷ್ಟು ಉದ್ದದ ಉತ್ತರ.

ಮೊದಲು ಪದದ ಮಾತು. ಫೇಸ್ ಅನ್ನುವುದಕ್ಕೆ ನೀವು ಎಲ್ಲ ಕಡೆ ‘ಪ್ರಾವಸ್ಥೆ’ ಎಂದು ಬರೆದಿದ್ದೀರಿ. ತಪ್ಪಲ್ಲ, ಪಠ್ಯಪುಸ್ತಕದ ಪದ. ಆದರೆ ಇಲ್ಲಿ ರಾಯಚೂರು ಸೀಮೆಯಲ್ಲಿ ಪಂಪ್‌ಸೆಟ್ ಇರುವ ರೈತರು ‘ತ್ರೀ ಫೇಸ್ ಬಂತಾ?’ ಎಂದೇ ಕೇಳುತ್ತಾರೆ. ಆ ಮೂರು ತಂತಿಗಳ ಅಲೆಗಳು ಒಟ್ಟಿಗೆ ಏಳುವುದಿಲ್ಲ, ಒಂದರ ಹಿಂದೆ ಒಂದು 120 ಡಿಗ್ರಿ ತಡವಾಗಿ ಏಳುತ್ತವೆ. ಒಂದು ಪೂರ್ತಿ ಅಲೆಗೆ 360 ಡಿಗ್ರಿ; ಈ ತಡವೇ ಫೇಸ್ ವ್ಯತ್ಯಾಸ. ಓದುಗರ ಹೊಲದಲ್ಲೇ ಇರುವ ಈ ಫೇಸ್‌ನಿಂದ ಶುರು ಮಾಡಿ. ಮಿಕ್ಸರ್ ಅಂದರೆ ಎರಡು ಸಿಗ್ನಲ್‌ ಬೆರೆಸಿ ಅವುಗಳ ಫ್ರೀಕ್ವೆನ್ಸಿಯ ವ್ಯತ್ಯಾಸವನ್ನು ಹೊರಗೆ ಕೊಡುವ ಸರ್ಕ್ಯೂಟ್ ಎಂದು ಒಂದು ಸಾಲು ಸೇರಿಸಿ. ಇಲ್ಲದಿದ್ದರೆ ಓದುಗರಿಗೆ ಅಡುಗೆಮನೆಯ ಮಿಕ್ಸಿ ನೆನಪಾಗುತ್ತದೆ.

ಈಗ ನಿಜವಾದ ತೊಂದರೆಗೆ ಬರುತ್ತೇನೆ. ನಿಮ್ಮ ಇಡೀ ಲೇಖನ ನಿಂತಿರುವುದು ಈ ಒಂದು ವಾಕ್ಯದ ಮೇಲೆ: ‘ಫೇಸ್ ಬ್ಯಾಲೆನ್ಸ್ 5 ಡಿಗ್ರಿಯೊಳಗೆ ಇದ್ದರೆ ಒಪ್ಪಬಹುದು.’ ಫೇಸ್ ಬ್ಯಾಲೆನ್ಸ್ ಅಂದರೆ ಮಿಕ್ಸರ್ ಒಳಗಿನ ಎರಡು ದಾರಿಗಳ ನಡುವೆ ಫೇಸ್ ಎಷ್ಟು ತಪ್ಪಿದೆ ಅನ್ನುವುದು. ಸರಿ, ಯಾರು ಒಪ್ಪಬಹುದು? ಯಾವ ಕೆಲಸಕ್ಕೆ? ಅದನ್ನು ಎಲ್ಲೂ ಹೇಳಿಲ್ಲ.

ಇಮೇಜ್ ರಿಜೆಕ್ಟ್ ಮಿಕ್ಸರನ್ನೇ ತೆಗೆದುಕೊಳ್ಳಿ. ಒಳಗಿನ ಆಸಿಲೇಟರ್, ಅಂದರೆ ಬೆರೆಸಲು ಬೇಕಾದ ಅಲೆ ಹುಟ್ಟಿಸುವ ಭಾಗ, 10 ಗಿಗಾಹರ್ಟ್ಸ್. ನಮಗೆ ಬೇಕಾದ ಸಿಗ್ನಲ್ 10.1. ವ್ಯತ್ಯಾಸ 100 ಮೆಗಾಹರ್ಟ್ಸ್. ಆದರೆ 9.9ರಲ್ಲಿ ಬರುವ ಬೇಡದ ಸಿಗ್ನಲ್ ಕೂಡ ಅದೇ 100 ಮೆಗಾಹರ್ಟ್ಸ್ ಆಗಿ ಹೊರಗೆ ಬರುತ್ತದೆ. ಇದೇ ಇಮೇಜ್. ಅದನ್ನು ಅಳಿಸಲು ಸಿಗ್ನಲ್ ಹೋಗಲು ಎರಡು ದಾರಿ ಮಾಡಿ, 90 ಡಿಗ್ರಿ ಅಂತರ ಇಟ್ಟು, ಕೊನೆಗೆ ಮತ್ತೆ ಕೂಡಿಸುತ್ತೇವೆ. ಬೇಕಾದದ್ದು ಕೂಡುತ್ತದೆ, ಬೇಡದ್ದು ಒಂದನ್ನೊಂದು ಹೊಡೆದುಹಾಕುತ್ತದೆ. ಅಂತರ ಸ್ವಲ್ಪ ತಪ್ಪಿದರೆ ಇಮೇಜ್ ಅಷ್ಟು ಉಳಿಯುತ್ತದೆ.

ಎಷ್ಟು ಉಳಿಯುತ್ತದೆ ಅನ್ನುವುದೇ ನಿಮ್ಮ ಲೇಖನ ಆಗಬೇಕಿತ್ತು. ಎರಡೂ ದಾರಿಯ ಬಲ ಸಮ ಇದ್ದು ಫೇಸ್ 10 ಡಿಗ್ರಿ ತಪ್ಪಿದರೆ ಇಮೇಜ್‌ನ ಪವರ್ ಸುಮಾರು 130ರಲ್ಲಿ 1 ಪಾಲಿಗೆ ಇಳಿಯುತ್ತದೆ, ಅಂದರೆ 21 ಡಿಬಿ. (ಡಿಬಿ ಅಂದರೆ ಡೆಸಿಬೆಲ್, ಪವರ್ ಎಷ್ಟು ಪಟ್ಟು ಇಳಿಯಿತು ಎಂಬುದರ ಅಳತೆ: 10 ಡಿಬಿಗೆ 10 ಪಟ್ಟು, 20ಕ್ಕೆ 100 ಪಟ್ಟು.) 5 ಡಿಗ್ರಿಗೆ ಸುಮಾರು 525ರಲ್ಲಿ 1, ಅಂದರೆ 27 ಡಿಬಿ. 1 ಡಿಗ್ರಿಗೆ 41 ಡಿಬಿ. 20 ಡಿಬಿ ಸಾಕು ಅನ್ನುವವರಿಗೆ 11 ಡಿಗ್ರಿಯೂ ನಡೆಯುತ್ತದೆ. 40 ಬೇಕು ಅನ್ನುವವರಿಗೆ ನಿಮ್ಮ 5 ಡಿಗ್ರಿ ಏನೂ ಸಾಲದು.

ಇನ್ನೊಂದು ದೊಡ್ಡ ಕೊರತೆ ಇದೆ. ಎರಡು ದಾರಿಯ ಬಲದ ವ್ಯತ್ಯಾಸವನ್ನು ನೀವು ಎತ್ತಿಯೇ ಇಲ್ಲ. ಅದು 1 ಡಿಬಿ ಇದ್ದರೆ, ಫೇಸ್ ಪೂರ್ತಿ ಸರಿಯಿದ್ದರೂ ಇಮೇಜ್ ಸುಮಾರು 300ರಲ್ಲಿ 1ಕ್ಕಿಂತ ಕೆಳಗೆ ಹೋಗದು. ಜೊತೆಗೆ 5 ಡಿಗ್ರಿ ಸೇರಿದರೆ 190ರಲ್ಲಿ 1. ಅಂಥ ಕಡೆ ಫೇಸನ್ನು ಅರ್ಧ ಡಿಗ್ರಿಗೆ ತರಲು ದುಡ್ಡು ಸುರಿಯುವುದು ಸುಮ್ನೆ ದಂಡ ಅಲ್ವಾ? ಡಿಗ್ರಿ ಅಂದರೆ ಸರ್ಕ್ಯೂಟ್ ಬೋರ್ಡ್ ಮೇಲೆ ಎಷ್ಟು ಉದ್ದ ಎಂದೂ ತೋರಿಸಿ. 10 ಗಿಗಾಹರ್ಟ್ಸ್‌ನ ಅಲೆ ಗಾಳಿಯಲ್ಲಿ 30 ಮಿಲಿಮೀಟರ್ ಉದ್ದ. ಬೋರ್ಡ್‌ನಲ್ಲಿ ಅದು ಅರ್ಧಕ್ಕೆ ಇಳಿದರೆ 1 ಡಿಗ್ರಿ ಅಂದರೆ 0.04 ಮಿಲಿಮೀಟರ್ ಉದ್ದದ ತಾಮ್ರದ ಗೆರೆ.

ನಿಮ್ಮ ಪೀಠಿಕೆ ಇಡಿಯಾಗಿ ತೆಗೆಯಿರಿ. ಸಂವಹನ ಯುಗದ ಮಾತು ಯಾರೂ ಓದುವುದಿಲ್ಲ.

ಅದರ ಬದಲು ಏನು ಇಡಬೇಕು ಎಂಬುದು ನಿಮ್ಮ ಜೊತೆಪತ್ರದಲ್ಲೇ ಇದೆ. ತಂದೆಯವರು ಜೀನ್ಸ್ ಕಟಿಂಗ್ ಮಾಡುತ್ತಾರೆ ಎಂದು ಬರೆದಿದ್ದೀರಿ. ಬಳ್ಳಾರಿಯವರಿಗೆ ಇದಕ್ಕಿಂತ ಒಳ್ಳೆಯ ಹೋಲಿಕೆ ನನಗಂತೂ ಕಾಣುತ್ತಿಲ್ಲ. ಎರಡೂ ಕಾಲು ಅರ್ಧ ಇಂಚು ಗಿಡ್ಡವಾದರೆ ಪ್ಯಾಂಟ್ ಗಿಡ್ಡ, ಅಷ್ಟೇ. ಒಂದೇ ಕಾಲು ಗಿಡ್ಡವಾದರೆ ಪ್ಯಾಂಟೇ ಹೋಯಿತು. ಫೇಸ್ ಬ್ಯಾಲೆನ್ಸ್ ಕೂಡ ಹೀಗೇ. ಎರಡು ದಾರಿಯೂ ಒಟ್ಟಿಗೆ ಜಾರಿದರೆ ಅಡ್ಡಿಯಿಲ್ಲ, ಅವುಗಳ ನಡುವಿನ ವ್ಯತ್ಯಾಸವೇ ಲೆಕ್ಕ. ಬೇರೆ ಬೇರೆ ಥಾನಿನ ಬಟ್ಟೆಯಿಂದ ಎರಡು ಕಾಲು ಕತ್ತರಿಸಿದರೆ ತೊಳೆದ ಮೇಲೆ ಬೇರೆ ಬೇರೆ ಕುಗ್ಗಬಹುದು. ಮಿಕ್ಸರ್‌ನ ಒಳಗೆ ಬೆರೆಸುವ ಕೆಲಸ ಮಾಡುವ ಡಯೋಡ್ ಜೋಡಿಯನ್ನು ಒಂದೇ ಚಿಪ್‌ನಲ್ಲಿ ಮಾಡುವುದೂ ಇದಕ್ಕೇ. ನಿಮ್ಮೂರಿನ ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಎರಡೂ ಡಯೋಡ್ ಒಂದೇ ರೀತಿ ಕಾಯಬೇಕು. ಈಗ ಫೇಸ್ ತಪ್ಪನ್ನು ಅಳೆದು ಸಾಫ್ಟ್‌ವೇರ್‌ನಲ್ಲಿ ತಿದ್ದುವವರೂ ಇದ್ದಾರೆ. ಬಿಸಿಗೆ ತಪ್ಪು ಬದಲಾದರೆ ಆ ತಿದ್ದುಪಡಿಯೂ ಹಳೆಯದಾಗುತ್ತದೆ. ಇದಕ್ಕೆ ಒಂದು ಪ್ಯಾರಾ ಕೊಡಿ.

ಲೇಖನ ಈಗಿನ ಅರ್ಧದಷ್ಟು ಉದ್ದ ಇರಲಿ. ಕೈಯಲ್ಲಿ ಬರೆದ ಒಂದು ಚಿತ್ರ ಸಾಕು. ಮತ್ತೆ ಕಳಿಸುವ ಮುಂಚೆ ತಂದೆಯವರನ್ನು ಒಂದು ಮಾತು ಕೇಳಿ: ತೊಳೆದು ಬಂದ ಮೇಲೆ ಎರಡು ಕಾಲಿನ ನಡುವೆ ಎಷ್ಟು ವ್ಯತ್ಯಾಸ ಕಂಡರೆ ಮಾಲು ವಾಪಸ್ ಬರುತ್ತದೆ? ಆ ಅಳತೆಯನ್ನು ಲೇಖನದ ಮೊದಲ ಸಾಲಲ್ಲಿ ಬರೆಯಿರಿ.