ಲ್ಯಾಬ್ ಪರೀಕ್ಷೆಯಲ್ಲಿ ದೋಷ ಹುಡುಕುವುದು ಎಲ್ಲಿಂದ?

ಪ್ರಶ್ನೆ: ಸಿಸ್ಕೋ ಕಂಪನಿಯ ಉನ್ನತ ನೆಟ್‌ವರ್ಕಿಂಗ್ ಪ್ರಮಾಣಪತ್ರವಾದ ಸಿಸಿಐಇ ಎಂಟರ್‌ಪ್ರೈಸ್ ಲ್ಯಾಬ್ ಪರೀಕ್ಷೆಗೆ ತಯಾರಾಗುತ್ತಿದ್ದೇನೆ. ಹೊಸದಾಗಿ ಕಾನ್ಫಿಗರ್ ಮಾಡಿ ಎಂದರೆ ತಡವರಿಸುವುದಿಲ್ಲ. ಕೆಟ್ಟಿದ್ದನ್ನು ಸರಿಪಡಿಸಿ ಎಂದರೆ ಮಾತ್ರ ಎಲ್ಲಿಂದ ಶುರುಮಾಡಬೇಕೆಂದು ತೋಚುವುದಿಲ್ಲ. ಒಂದೊಂದೇ ರೂಟರ್‌ನ ರನ್ನಿಂಗ್ ಕಾನ್ಫಿಗ್ (ಸದ್ಯ ಜಾರಿಯಲ್ಲಿರುವ ಸೆಟ್ಟಿಂಗ್‌ಗಳ ಪಟ್ಟಿ) ಓದುತ್ತಾ ಕೂತರೆ ಸಮಯ ಸಾಲುವುದಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಆ ಕಾನ್ಫಿಗ್ ಓದುವ ಅಭ್ಯಾಸ ಬಿಡಿ. ಬರೆದಿರುವುದಷ್ಟೇ ಅಲ್ಲಿ ಕಾಣುತ್ತದೆ. ಬರೆಯದೆ ಬಿಟ್ಟಿದ್ದು ಕಣ್ಣಿಗೆ ಬೀಳುವುದೇ ಇಲ್ಲ, ಎಷ್ಟೋ ಸಲ ದೋಷ ಇರುವುದೂ ಅಲ್ಲೇ. ಎಂಟು ಗಂಟೆಯ ಪರೀಕ್ಷೆಯಲ್ಲಿ ಮೊದಲ ಮೂರು ಗಂಟೆ ಡಿಸೈನ್‌ಗೆ ಹೋಗುತ್ತದೆ. ಉಳಿದ ಐದು ಗಂಟೆಯಲ್ಲಿ ಕಟ್ಟುವುದು, ನಡೆಸುವುದು, ರಿಪೇರಿ ಎಲ್ಲವೂ ಮುಗಿಯಬೇಕು.

ಟಿಕೆಟ್‌ನಲ್ಲಿ (ದೋಷ ವಿವರಿಸುವ ಪ್ರಶ್ನೆಯಲ್ಲಿ) ಹೇಳಿದ ತೊಂದರೆಯನ್ನು ನೀವೇ ಒಮ್ಮೆ ಮಾಡಿ ನೋಡಿ. ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಂದಿದೆಯೋ ಅಲ್ಲಿಂದಲೇ ಪಿಂಗ್ ಕಳಿಸಿ, ಆಮೇಲೆ ಟ್ರೇಸ್‌ರೂಟ್ (ದಾರಿಯಲ್ಲಿನ ಒಂದೊಂದೇ ರೂಟರ್ ತೋರಿಸುವ ಕಮಾಂಡ್). ಕೊನೆಯದಾಗಿ ಉತ್ತರ ಕೊಟ್ಟ ರೂಟರ್ ಮತ್ತು ಅದರ ಮುಂದಿನದು, ಇವೆರಡರ ನಡುವೆ ಹುಡುಕಾಟ ಶುರುವಾಗಲಿ. ಆದರೆ ಮುಂದಿನ ರೂಟರ್‌ಗೆ ಪ್ಯಾಕೆಟ್ ತಲುಪಿಯೂ, ನಿಮ್ಮ ಕಡೆಗೆ ವಾಪಸ್ ದಾರಿ ಗೊತ್ತಿಲ್ಲದೆ ಅದು ಸುಮ್ಮನಿರಬಹುದು. ಹಾಗಾಗಿ ರೂಟಿಂಗ್ ಟೇಬಲ್ ಅನ್ನು ಎರಡೂ ದಿಕ್ಕಿನಿಂದ ನೋಡಬೇಕು. ಹತ್ತು ರೂಟರ್‌ಗಳ ಕೆಲಸ ಎರಡಕ್ಕೆ ಇಳಿಯಿತಲ್ಲ, ಇನ್ನು ಆಳಕ್ಕೆ ಇಳಿಯಬಹುದು.

ಓಎಸ್‌ಪಿಎಫ್ ಅನ್ನೇ ತೆಗೆದುಕೊಳ್ಳಿ, ರೂಟರ್‌ಗಳು ದಾರಿಗಳನ್ನು ಪರಸ್ಪರ ತಿಳಿಸಿಕೊಳ್ಳುವ ಪ್ರೋಟೋಕಾಲ್ ಅದು. ನೇಬರ್ (ನೆರೆಯ ರೂಟರ್) ಪಟ್ಟಿ ಯಾವ ಸ್ಥಿತಿಯಲ್ಲಿ ನಿಂತಿದೆ ಎಂಬುದೇ ಅರ್ಧ ಉತ್ತರ. ಪಟ್ಟಿ ಖಾಲಿ ಇದ್ದರೆ ಏರಿಯಾ, ಸಬ್‌ನೆಟ್ ಮಾಸ್ಕ್, ಟೈಮರ್, ಅಥೆಂಟಿಕೇಶನ್, ಪ್ಯಾಸಿವ್ ಇಂಟರ್‌ಫೇಸ್ ನೋಡಿ. ಇನಿಟ್‌ನಲ್ಲಿ ನಿಂತಿದ್ದರೆ ಆಚೆಯವರ ಹಲೋ (ಪರಿಚಯದ ಸಂದೇಶ) ನಮಗೆ ಬರುತ್ತಿದೆ, ನಮ್ಮದು ಅವರಿಗೆ ಮುಟ್ಟುತ್ತಿಲ್ಲ. ಎಕ್ಸ್‌ಸ್ಟಾರ್ಟ್‌ನಲ್ಲಿ ಸಿಕ್ಕಿಕೊಂಡಿದ್ದರೆ ಮೊದಲ ಅನುಮಾನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಮೇಲೆ: ಒಂದು ಕಡೆ 1500, ಇನ್ನೊಂದು ಕಡೆ 1400. ಇದಕ್ಕೆ ಎಂಟಿಯು ಇಗ್ನೋರ್ ಕೊಟ್ಟು ಮುಂದೆ ಹೋಗುವವರಿದ್ದಾರೆ. ನೇಬರ್ ಫುಲ್ (ಸಂಬಂಧ ಪೂರ್ಣಗೊಂಡ ಸ್ಥಿತಿ) ಆಗುತ್ತದೆ ನಿಜ, ದೊಡ್ಡ ಪ್ಯಾಕೆಟ್‌ಗಳು ಮಾತ್ರ ಬೀಳುತ್ತಲೇ ಇರುತ್ತವೆ. 1500 ಸೈಜ್‌ನ ಪಿಂಗ್ ಅನ್ನು ಡಿಎಫ್ ಬಿಟ್ (ಪ್ಯಾಕೆಟ್ ಒಡೆಯಬೇಡಿ ಎಂಬ ಸೂಚನೆ) ಸಮೇತ ಕಳಿಸಿದರೆ ಬಣ್ಣ ಬಯಲಾಗುತ್ತದೆ. ಟೂವೇ ಕಂಡ ತಕ್ಷಣ ಗಾಬರಿ ಬೇಡ. ಈಥರ್‌ನೆಟ್‌ನಲ್ಲಿ ಡಿಆರ್ (ಆ ಲಿಂಕ್‌ನ ಮುಖ್ಯ ರೂಟರ್) ಕೂಡ ಅಲ್ಲದ, ಬಿಡಿಆರ್ (ಅದರ ಬದಲಿ) ಕೂಡ ಅಲ್ಲದ ಎರಡು ರೂಟರ್‌ಗಳ ನಡುವೆ ಅದೇ ಸಹಜ ಸ್ಥಿತಿ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕಿಡಿಗೇಡಿ ದೋಷ ಬೇರೆ ಇದೆ. ನೇಬರ್ ಫುಲ್ ಇದೆ, ಆದರೂ ರೂಟ್ ಬರುತ್ತಿಲ್ಲ. ಇಂಟರ್‌ಫೇಸ್‌ನ ನೆಟ್‌ವರ್ಕ್ ಟೈಪ್ ಒಂದು ಕಡೆ ಬ್ರಾಡ್‌ಕಾಸ್ಟ್, ಇನ್ನೊಂದು ಕಡೆ ಪಾಯಿಂಟ್-ಟು-ಪಾಯಿಂಟ್ ಇದ್ದರೆ ಹೀಗಾಗುತ್ತದೆ. ಎರಡಕ್ಕೂ ಹಲೋ 10, ಡೆಡ್ (ಹಲೋ ಬಾರದಿದ್ದರೆ ಕಾಯುವ ಅವಧಿ) 40 ಸೆಕೆಂಡೇ ಆದ್ದರಿಂದ ನೆರೆಹೊರೆ ಕುದುರುತ್ತದೆ, ಡೇಟಾಬೇಸ್‌ನಲ್ಲಿನ ಚಿತ್ರ ಮಾತ್ರ ಹೊಂದುವುದಿಲ್ಲ. ಎರಡೂ ಇಂಟರ್‌ಫೇಸ್‌ಗಳ ನೆಟ್‌ವರ್ಕ್ ಟೈಪ್ ಅನ್ನು ಪಕ್ಕಪಕ್ಕ ಇಟ್ಟು ನೋಡದ ಹೊರತು ಇದು ಸಿಗದು.

ಡಿಬಗ್ (ರೂಟರ್ ಒಳಗೆ ನಡೆಯುತ್ತಿರುವುದನ್ನು ಆಗಿಂದಾಗಲೇ ತೋರಿಸುವ ಕಮಾಂಡ್) ಬಳಸಿ, ಆದರೆ ಜಾಗ ಗೊತ್ತಾದ ಮೇಲೆ. ಓಎಸ್‌ಪಿಎಫ್ ಹಲೋ ಡಿಬಗ್‌ನಲ್ಲಿ 'ಡೆಡ್ ಆರ್ 40 ಸಿ 120' ಎಂದು ಬಂದರೆ ಆಚೆಯಿಂದ ಬಂದದ್ದು 40, ನಿಮ್ಮಲ್ಲಿರುವುದು 120. ಒಂದೇ ಸಾಲು, ಊಹೆಗೆ ಕೆಲಸವಿಲ್ಲ. ಟೆಲ್ನೆಟ್ ಮೂಲಕ ಒಳಗೆ ಹೋಗಿದ್ದರೆ ಟರ್ಮಿನಲ್ ಮಾನಿಟರ್ ಕೊಡದೆ ಡಿಬಗ್ ಸಾಲುಗಳು ಪರದೆಗೆ ಬರುವುದಿಲ್ಲ.

ಇನ್ನು ಟಿಕೆಟ್‌ನ ಷರತ್ತುಗಳು. ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆದ ದಾರಿ) ಹಾಕಬಾರದು, ಇರುವ ಆಕ್ಸೆಸ್ ಲಿಸ್ಟ್ (ಪ್ಯಾಕೆಟ್ ಬಿಡುವ, ತಡೆಯುವ ನಿಯಮಗಳ ಪಟ್ಟಿ) ತೆಗೆಯಬಾರದು ಎಂದಿದ್ದರೆ ಅದೂ ಪ್ರಶ್ನೆಯ ಭಾಗವೇ. ಲಿಸ್ಟ್‌ನ ಕೊನೆಯಲ್ಲಿ ಕಾಣದ ಡಿನೈ ಒಂದು ಯಾವಾಗಲೂ ಇರುತ್ತದೆ, ಐಪಿ ಪ್ರೋಟೋಕಾಲ್ 89 ಆದ ಓಎಸ್‌ಪಿಎಫ್ ಕೂಡ ಅದಕ್ಕೆ ಬಲಿಯಾಗಬಹುದು. ಸಾಲು 10 ಮತ್ತು 20ರ ನಡುವೆ 15 ಎಂದು ನಂಬರ್ ಕೊಟ್ಟು ಪರ್ಮಿಟ್ ಸೇರಿಸಿದರೆ ಲಿಸ್ಟ್ ತೆಗೆಯದೆ ಕೆಲಸ ಆಗುತ್ತದೆ. ಬದಲಾಯಿಸಿದ್ದರಿಂದ ಏನೂ ಪ್ರಯೋಜನ ಆಗಲಿಲ್ಲವೇ? ಮುಂದಿನದಕ್ಕೆ ಕೈ ಹಾಕುವ ಮುನ್ನ ಅದನ್ನು ವಾಪಸ್ ತೆಗೆಯಿರಿ. ಇಲ್ಲದಿದ್ದರೆ ಅವರು ಇಟ್ಟ ದೋಷದ ಜೊತೆ ನೀವು ಇಟ್ಟದ್ದನ್ನೂ ಹುಡುಕಬೇಕಾಗುತ್ತದೆ.

ಪ್ರಶ್ನೆ: ರೂಟರ್‌ನಿಂದ ಪಿಂಗ್ ಹೋಗುತ್ತದೆ, ಅದರ ಹಿಂದಿನ ಪಿಸಿಯಿಂದ ಹೋಗುವುದಿಲ್ಲ. ಯಾಕೆ?

ಉತ್ತರ: ರೂಟರ್ ತಾನಾಗಿ ಪಿಂಗ್ ಕಳಿಸುವಾಗ ಪ್ಯಾಕೆಟ್ ಹೊರಡುವ ಇಂಟರ್‌ಫೇಸ್‌ನ ವಿಳಾಸವನ್ನೇ ಸೋರ್ಸ್ ಮಾಡಿಕೊಳ್ಳುತ್ತದೆ. ಆಚೆ ಬದಿಗೆ ಆ ಲಿಂಕ್ ಗೊತ್ತು, ನಿಮ್ಮ ಲ್ಯಾನ್ ಗೊತ್ತಿಲ್ಲದಿರಬಹುದು. ಲ್ಯಾನ್ ಇಂಟರ್‌ಫೇಸ್ ಅನ್ನು ಸೋರ್ಸ್ ಮಾಡಿ ಮತ್ತೆ ಕಳಿಸಿ. ಈಗ ಬಿದ್ದರೆ ಮೊದಲು ವಾಪಸ್ ರೂಟ್ ನೋಡಿ. ಈಗಲೂ ಹೋದರೆ ಪಿಸಿಯ ಗೇಟ್‌ವೇ, ಮಾಸ್ಕ್, ವಿಎಲ್ಎಎನ್ ನೋಡಿ. ರೂಟರ್ ಸ್ವತಃ ಹುಟ್ಟಿಸಿದ ಪ್ಯಾಕೆಟ್‌ಗಳನ್ನು ಅದರ ಔಟ್‌ಬೌಂಡ್ ಆಕ್ಸೆಸ್ ಲಿಸ್ಟ್ ತಡೆಯುವುದಿಲ್ಲ, ಅದನ್ನೂ ತೆರೆದು ನೋಡಿ. ಐದರಲ್ಲಿ ಮೊದಲ ಪಿಂಗ್ ಮಾತ್ರ ಚುಕ್ಕಿಯಾಗಿ ಬಂದರೆ ಅದು ಸಾಮಾನ್ಯವಾಗಿ ಎಆರ್‌ಪಿ (ಐಪಿ ವಿಳಾಸಕ್ಕೆ ಹಾರ್ಡ್‌ವೇರ್ ವಿಳಾಸ ಹುಡುಕುವುದು) ಮುಗಿಯುವವರೆಗಿನ ವಿಳಂಬ ಅಷ್ಟೇ, ಅದರ ಹಿಂದೆ ಓಡಬೇಡಿ.